ಪೆಡಲ್ ಆಫ್ ಇದ್ದಾಗಲೂ ಸದ್ದು ಅರಳಿದ್ದೇಕೆ?

ಹುತಾತ್ಮ ಮೈಲಾರ ಮಹಾದೇವಪ್ಪನವರ ಊರು ಮೋಟೆಬೆನ್ನೂರು ನಂದು. ವಯಸ್ಸು 24. ಹಗಲಿಗೆ ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ದಲಾಲಿ ಅಂಗಡಿಯೊಳಗ ಲೆಕ್ಕ ಬರೀತೀನಿ. ಜಾತ್ರಿ, ಗಣಪತಿ, ಮದುವಿ ಸೀಜನ್‌ನಾಗ ರಾಣೆಬೆನ್ನೂರಿನ ಒಂದು ಆರ್ಕೆಸ್ಟ್ರಾಕ್ಕ ಬೇಸ್ ಗಿಟಾರ್ ಬಾರಸ್ತೀನಿ. ಗಿಟಾರು ಸೆಕೆಂಡ್ ಹ್ಯಾಂಡ್, ನಾಕು ತಂತಿ, ಎರಡು ಪಿಕಪ್. ನಡುವ ಎರಡು ತುಂಡಿನದು, ಬ್ರಿಜ್ ಕಡೆ ಉದ್ದಂದು. ಬ್ಯಾಟರಿ ಇಲ್ಲ.

ಸ್ಟೇಜ್ ಮ್ಯಾಲ ಒಂದು ನೋಟ್ ಗುಡುಗಿದಂಗ ಬರತೈತಿ, ಇನ್ನೊಂದು ಕೇಳ್ಸೋದ ಇಲ್ಲ. ಹಿಂದ ಯಾವಾಗಲೂ ಗುಂಯ್ ಅನ್ನೋ ಸದ್ದು. ನಾಬ್ ತಿರುವಿದರ ಕರಕರ. ಸೌಂಡ್‌ನವರು ಬ್ಯಾಸರಾಗಿ ನನ್ನ ಫೇಡರ್ ಇಳಿಸಿಬಿಡ್ತಾರ. ಕೀಬೋರ್ಡ್‌ನವರು "ಬೇಸ್ ನಾನ ಎಡಗೈಲೆ ಹಿಡಿತೀನಿ, ಇಂವ ಯಾಕ ಬೇಕು" ಅಂತ ಮಾಲಕರ ಮುಂದ ಅಂದಾರ. ಹೋದ ತಿಂಗಳು ಹುಬ್ಬಳ್ಳಿ ಗೆಳ್ಯಾನ ಕಂಪ್ರೆಸರ್ ಪೆಡಲ್ ಇಸಗೊಂಡು ಹಚ್ಚಿದ್ದೆ. ಭಾಳ ಚಲೋ ಬಂತ್ರಿ. ಆಫ್ ಮಾಡಿದಾಗೂ ಸದ್ದು ಅರಳಿದಂಗ ಇತ್ತು. ಕೂಡಿಟ್ಟದ್ದು ಮೂವತ್ತು ಸಾವಿರ ಐತಿ. ಹೊಸಾ ಗಿಟಾರ್ ತಗೊಳ್ಳಲೋ, ಪಿಕಪ್ ಬದಲಿ ಮಾಡಸಲೋ, ಪೆಡಲ್ ತಗೊಳ್ಳಲೋ? ನಮ್ಮಪ್ಪ "ಈ ವರ್ಸ ಮೆಣಸಿನಕಾಯಿ ಕೈ ಹಿಡೀಲಿಲ್ಲ, ನಿನಗ ನೋಡಿದ್ರ ತಂತಿ ಹುಚ್ಚು" ಅಂತಾನ. ರೊಕ್ಕ ಬಿಚ್ಚಾಕ ಕೈ ನಡಗತೈತಿ. ದಾರಿ ಹೇಳ್ರಿ.

— ಓದುಗ, ಮೋಟೆಬೆನ್ನೂರು

ಪ್ರೀತಿಯ ತಮ್ಮನಿಗೆ,

ನಿಮ್ಮ ಪತ್ರದಲ್ಲಿ ಒಂದು ಮಾತು ಸುಮ್ಮನೆ ಬಂದು ಹೋಗಿದೆ. ಪೆಡಲ್ ಆಫ್ ಮಾಡಿದಾಗಲೂ ಸದ್ದು ಅರಳಿದಂತಿತ್ತು ಎಂದಿದ್ದೀರಿ. ನಾನು ಪತ್ರವನ್ನು ಅಲ್ಲೇ ನಿಲ್ಲಿಸಿ ಮತ್ತೊಮ್ಮೆ ಓದಿದೆ. ಕಂಪ್ರೆಸರ್ ಕೆಲಸವನ್ನೇ ಮಾಡದೆ ಕೂತಿದ್ದಾಗಲೂ ಸದ್ದು ಸುಧಾರಿಸಿದೆ ಎಂದರೆ, ಸುಧಾರಿಸಿದ್ದು ಕಂಪ್ರೆಸರಿನಿಂದ ಅಲ್ಲ. ಹಾಗಾದರೆ ಯಾವುದರಿಂದ? ಇದು ಗೊತ್ತಾದರೆ ನಿಮ್ಮ ಮೂವತ್ತು ಸಾವಿರದಲ್ಲಿ ಬಹುಪಾಲು ಉಳಿಯುತ್ತದೆ.

ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಕೂದಲೆಳೆಯಷ್ಟು ತೆಳ್ಳಗಿನ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಮೇಲೆ ಉಕ್ಕಿನ ತಂತಿ ಅದುರಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಬ್ಯಾಟರಿ ಇಲ್ಲದ ಗಿಟಾರಿನಲ್ಲಿ ಇರುವುದು ಇಷ್ಟೇ ಬಲ. ಅದನ್ನು ಎಳೆದುಕೊಳ್ಳದೆ ಸುಮ್ಮನೆ ಆಲಿಸುವ ಸಾಕೆಟ್ ಬೇಕು. ಗಿಟಾರ್ ಆಂಪ್ಲಿಫೈಯರಿನ ಸಾಕೆಟ್ ಹತ್ತು ಲಕ್ಷ ಓಮ್‌ನ ಆಸುಪಾಸಿನಲ್ಲಿರುವುದು ಇದಕ್ಕೇ. ಆದರೆ ನಮ್ಮ ಕಡೆಯ ಆರ್ಕೆಸ್ಟ್ರಾಗಳಲ್ಲಿ ಬೇಸ್ ಆಂಪ್ಲಿಫೈಯರ್ ಒಯ್ಯುವವರು ಕಡಿಮೆ. ಕೀಬೋರ್ಡಿನ ವೈರು ಹಾಕುವ ಮಿಕ್ಸರ್ ತೂತಿಗೇ ಗಿಟಾರಿನ ವೈರನ್ನೂ ಚುಚ್ಚುತ್ತಾರೆ. ಆ ತೂತು ಹತ್ತಿಪ್ಪತ್ತು ಸಾವಿರ ಓಮ್‌ನದು. ಕೀಬೋರ್ಡಿಗೆ ಅದು ಸರಿ, ಅದರ ಹಿಂದೆ ಕರೆಂಟಿನ ಬಲ ಇದೆ. ನಿಮ್ಮ ಪಿಕಪ್ ಮಾತ್ರ ಅಲ್ಲಿ ಉಸಿರುಗಟ್ಟುತ್ತದೆ. ಮೇಲಿನ ಹೊಳಪೆಲ್ಲ ಸತ್ತು, ಬುಡದಲ್ಲಿ ಮಬ್ಬು ಗುಡುಗು ಉಳಿಯುತ್ತದೆ. ನೋಟ್ ಕೇಳಿಸುತ್ತದೆ, ಯಾವ ನೋಟ್ ಅಂತ ಕೇಳಿಸುವುದಿಲ್ಲ.

ನಿಮ್ಮ ಗೆಳೆಯನ ಪೆಡಲ್ ಬಾಸ್ ಕಂಪನಿಯದ್ದೋ ಅದೇ ಬಗೆಯದ್ದೋ ಇರಬೇಕು. ಅಂಥವುಗಳಲ್ಲಿ ಒಂದು ಸಣ್ಣ ಬಫರ್ ಸರ್ಕ್ಯೂಟ್ ಇರುತ್ತದೆ. ಪೆಡಲ್ ಆಫ್ ಇದ್ದರೂ ಅದು ದಾರಿಯಲ್ಲೇ ನಿಂತು, ಪಿಕಪ್ಪಿನಿಂದ ಹಗುರಾಗಿ ತಗೊಂಡು ಮಿಕ್ಸರಿಗೆ ಬಲವಾಗಿ ಕೊಡುತ್ತದೆ. ನಿಮ್ಮ ಸದ್ದು ಅರಳಿದ್ದು ಅದರಿಂದ. ಈ ಒಂದು ಕೆಲಸಕ್ಕೆ ಕಂಪ್ರೆಸರ್ ಬೇಡ, ಆಕ್ಟಿವ್ ಡಿಐ ಬಾಕ್ಸ್ ಸಾಕು. ಗಿಟಾರಿನ ವೈರು ಅದರೊಳಗೆ, ಅಲ್ಲಿಂದ ಮೈಕಿನ ಮೂರು ಪಿನ್ನಿನ ಕೇಬಲ್ ಮಿಕ್ಸರಿಗೆ. ಮಿಕ್ಸರಿನ 48 ವೋಲ್ಟ್ ಫ್ಯಾಂಟಮ್ ಬಟನ್ ಒತ್ತಿದರೆ ಬಹಳಷ್ಟು ಡಿಐ ಬಾಕ್ಸ್‌ಗಳಿಗೆ ಬೇರೆ ಬ್ಯಾಟರಿಯೂ ಬೇಡ. ಕೆಲವು ಮಿಕ್ಸರುಗಳಲ್ಲಿ ಗಿಟಾರಿಗೆಂದೇ ಹೈ-ಝಡ್ ಬಟನ್ ಇರುತ್ತದೆ. ಅದಿದ್ದರೆ ಡಿಐ ಕೂಡ ಸದ್ಯಕ್ಕೆ ಬೇಡ. ಮೊದಲು ಸೌಂಡ್‌ನವರನ್ನು ಕೇಳಿ: "ಅಣ್ಣಾ, ನನ್ನ ವೈರು ಯಾವ ತೂತಿಗೆ ಹಾಕತೀರಿ?" ಅವರ ಉತ್ತರದಲ್ಲಿ ನಿಮ್ಮ ಅರ್ಧ ಕಾಯಿಲೆ ಪತ್ತೆಯಾಗುತ್ತದೆ.

ಇನ್ನು ಆ ಗುಂಯ್ ಸದ್ದು. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಅದುರುತ್ತದೆ. ನಿಮ್ಮ ದಪ್ಪ ತಂತಿಯ ಮೂರನೇ ಫ್ರೆಟ್ಟಿನ 'ಜಿ' ನೋಟ್ ಅದುರುವುದು 49 ಸಲ. ಎಂದರೆ ಟ್ಯೂಬ್‌ಲೈಟು, ಅಡಾಪ್ಟರ್, ಡಿಮ್ಮರ್‌ಗಳಿಂದ ಬರುವ ಗುಂಯ್ ನಿಮ್ಮ ವಾದ್ಯದ ಒಂದು ನೋಟಿನ ಪಕ್ಕದಲ್ಲೇ ಕೂತಿದೆ. ಸೌಂಡ್‌ನವರು ಈಕ್ವಲೈಜರಿನಲ್ಲಿ ಅದನ್ನು ಕತ್ತರಿಸಲು ಹೋದರೆ ನಿಮ್ಮ ನೋಟೂ ಅದರ ಜೊತೆ ಹೋಗುತ್ತದೆ. ಅದಕ್ಕೇ ಅವರು ಫೇಡರನ್ನೇ ಇಳಿಸುತ್ತಾರೆ. ಅವರ ಮೇಲೆ ಸಿಟ್ಟಾಗಬೇಡಿ. ಗುಂಯ್ ಹುಟ್ಟುವ ಜಾಗದಲ್ಲೇ ಅದನ್ನು ಹಿಡಿಯಬೇಕು.

ನಡುವಿನ ಎರಡು ತುಂಡಿನ ಪಿಕಪ್ಪನ್ನು ಪಿ ಪಿಕಪ್ ಎನ್ನುತ್ತಾರೆ. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದಾಗ ಅದು ಒಂದೇ ತುಂಡಿನದಾಗಿತ್ತು, 1957ರಲ್ಲಿ ಎರಡು ತುಂಡಾಯಿತು. ಒಂದು ತುಂಡು ದಪ್ಪ ತಂತಿಗಳೆರಡಕ್ಕೆ, ಇನ್ನೊಂದು ಸಣ್ಣ ತಂತಿಗಳೆರಡಕ್ಕೆ. ಎರಡನ್ನೂ ಒಂದಕ್ಕೊಂದು ತಿರುವುಮುರುವಾಗಿ ಜೋಡಿಸಿರುವುದರಿಂದ ಹೊರಗಿನಿಂದ ಬಂದ ಗುಂಯ್ ಎರಡರಲ್ಲೂ ಎದುರುಬದುರಾಗಿ ಹುಟ್ಟಿ ತಾನೇ ಅಳಿದುಹೋಗುತ್ತದೆ, ತಂತಿಯ ಸದ್ದು ಉಳಿಯುತ್ತದೆ. ಬ್ರಿಜ್ ಕಡೆಯ ಉದ್ದನೆಯದು ಜೆ ಪಿಕಪ್, 1960ರ ಜಾಜ್ ಬೇಸಿನಿಂದ ಬಂದದ್ದು. ಅದು ಒಂಟಿ ಸುರುಳಿ, ಗುಂಯ್ ಹಿಡಿಯುತ್ತದೆ. ಜಾಜ್ ಬೇಸಿನಲ್ಲಿ ಅಂಥವು ಎರಡಿದ್ದು ವಾಲ್ಯೂಮ್ ಸಮ ಇಟ್ಟಾಗ ಒಂದರ ಗುಂಯ್ ಇನ್ನೊಂದು ಅಳಿಸಬಲ್ಲದು. ನಿಮ್ಮದರಲ್ಲಿ ಅದಕ್ಕೆ ಜೊತೆಯಿಲ್ಲ.

ಈ ರಾತ್ರಿಯೇ ಒಂದು ಪರೀಕ್ಷೆ ಮಾಡಿ. ಜೆ ವಾಲ್ಯೂಮ್ ಪೂರ್ತಿ ಇಳಿಸಿ, ಪಿ ಪೂರ್ತಿ ಏರಿಸಿ. ಗುಂಯ್ ನಿಂತರೆ ತಪ್ಪು ಜೆ ಪಿಕಪ್ಪಿನದು, ಗಿಟಾರಿನ ಉಳಿದ ವೈರಿಂಗ್ ಚೆನ್ನಾಗಿದೆ. ನಿಲ್ಲದಿದ್ದರೆ ತಂತಿಯ ಮೇಲೆ ಕೈಯಿಡಿ. ಕೈಯಿಟ್ಟಾಗ ಕಡಿಮೆಯಾದರೆ ಒಳಗಿನ ಗೂಡಿಗೆ ತಾಮ್ರದ ಕವಚ ಬೇಕು ಎಂದರ್ಥ. ಕೈಯಿಟ್ಟರೂ ಏನೂ ಬದಲಾಗದಿದ್ದರೆ ಅಥವಾ ಇನ್ನೂ ಜಾಸ್ತಿಯಾದರೆ ಬ್ರಿಜ್ಜಿಗೆ ಹೋಗುವ ಗ್ರೌಂಡ್ ವೈರು ಕಡಿದಿದೆ, ಇಲ್ಲವೇ ಜ್ಯಾಕಿನಲ್ಲಿ ವೈರು ಅದಲುಬದಲಾಗಿದೆ. ಮಲ್ಟಿಮೀಟರಿನ ಒಂದು ಮೊನೆ ಬ್ರಿಜ್ಜಿಗೆ, ಇನ್ನೊಂದು ಜ್ಯಾಕಿನ ಹೊರಬಳೆಗೆ ಹಿಡಿಯಿರಿ. ಓಮ್ ಸೊನ್ನೆಯ ಹತ್ತಿರ ಇರಬೇಕು. ಇಲ್ಲದಿದ್ದರೆ ಒಂದು ಗೇಣು ವೈರು, ಎರಡು ಹನಿ ಬೆಸುಗೆಯಲ್ಲಿ ಮುಗಿಯುವ ಕೆಲಸ.

ಕವಚಕ್ಕೆ ಅಂಟು ಬಳಿದ ತಾಮ್ರದ ಟೇಪು ಸಿಗುತ್ತದೆ. ಅಂಟಿನ ಬದಿಯಲ್ಲೂ ಕರೆಂಟು ಹಾಯುವಂಥದ್ದನ್ನೇ ಕೇಳಿ ತನ್ನಿ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಹಚ್ಚಬೇಡಿ, ಅದಕ್ಕೆ ಬೆಸುಗೆ ಕೂರುವುದಿಲ್ಲ. ಹಿಂದಿನ ಗೂಡು, ಪಿಕಪ್ಪಿನ ಗುಂಡಿ, ಮುಚ್ಚಳದ ಒಳಮೈ ಎಲ್ಲ ಒಂದಕ್ಕೊಂದು ತಾಗುವಂತೆ ಹಚ್ಚಿ, ಅಲ್ಲಿಂದ ಒಂದು ವೈರನ್ನು ಗ್ರೌಂಡಿಗೆ ಸೇರಿಸಿ. ಜ್ಯಾಕಿನ ಒಳನಾಲಿಗೆ ತಾಮ್ರಕ್ಕೆ ತಾಗಬಾರದು. ತಾಗಿದರೆ ಗಿಟಾರು ಮೂಕಾಗುತ್ತದೆ.

ನಾಬಿನ ಕರಕರ ನನಗೆ ಅಚ್ಚರಿ ತರಲಿಲ್ಲ. ಮೆಣಸಿನಕಾಯಿ ಪೇಟೆಯಲ್ಲಿ ಹಗಲೆಲ್ಲ ಕೂತವರ ಬಟ್ಟೆ, ಚೀಲ, ಬೆರಳುಗಳಲ್ಲಿ ಸಣ್ಣ ಪುಡಿ ಇದ್ದೇ ಇರುತ್ತದೆ. ಬಣ್ಣ ತೆಗೆಯುವ ಕಾರ್ಖಾನೆಗಳು ಹುಡುಕಿಕೊಂಡು ಬರುವಷ್ಟು ಬಣ್ಣದೆಣ್ಣೆ ಇರುವ ಕಾಯಿ ನಿಮ್ಮ ಬ್ಯಾಡಗಿಯದು. ಆ ಎಣ್ಣೆ ಹತ್ತಿದ ಧೂಳು ನಾಬಿನ ಒಳಗಿನ ಪಟ್ಟಿಯ ಮೇಲೆ ಕೂತರೆ ಕರಕರ ಬಂದೇ ಬರುತ್ತದೆ, ತಂತಿಯೂ ಬೇಗ ಮಂಕಾಗುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯನ್ನು ನಾಬಿನ ಡಬ್ಬಿಯ ಸಂದಿಯೊಳಗೆ ಹೊಡೆದು, ನಾಬನ್ನು ಇಪ್ಪತ್ತು ಸಲ ಈ ತುದಿಯಿಂದ ಆ ತುದಿಗೆ ತಿರುವಿ. ಅದಕ್ಕೂ ಹೋಗದಿದ್ದರೆ ನಾಬಿನ ಕೆಳಗೆ ಹೊಸ 250 ಕಿಲೋ ಓಮ್ ಪಾಟ್ ಹಾಕಿಸಿ. ಅಂಗಡಿಯಿಂದ ಬಂದವರು ಕೈ ತೊಳೆದೇ ಗಿಟಾರು ಮುಟ್ಟಿ, ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ತಂತಿ ಒರೆಸಿ ಇಡಿ.

ಗುಂಯ್ ಸದ್ದಿನ ಮಾತು ಮುಗಿಸುವ ಮೊದಲು ಒಂದು ವಿಷಯ ಕಡ್ಡಾಯವಾಗಿ ಹೇಳಬೇಕು. ಕೆಲವರು ಗುಂಯ್ ಹೋಗಲೆಂದು ಪ್ಲಗ್ಗಿನ ಮೂರನೇ ದಪ್ಪ ಪಿನ್ನನ್ನು ಮುರಿದುಬಿಡುತ್ತಾರೆ. ಗುಂಯ್ ಹೋಗುತ್ತದೆ, ಜೀವಕ್ಕಿದ್ದ ಕಾವಲೂ ಹೋಗುತ್ತದೆ. ಆ ಪಿನ್ ಅರ್ಥಿಂಗಿನದು. ನಿಮ್ಮ ಎಡಗೈ ತಂತಿಯ ಮೇಲೆ, ತಂತಿ ಬ್ರಿಜ್ಜಿಗೆ, ಬ್ರಿಜ್ ವೈರಿನ ಮೂಲಕ ಮಿಕ್ಸರಿನ ಲೋಹದ ಡಬ್ಬಿಗೆ ಸೇರಿದೆ. ಕೋರಸ್ ಹಾಡಲೆಂದು ಬಗ್ಗಿದಾಗ ತುಟಿ ಮೈಕಿನ ಜಾಲರಿಗೆ ತಾಗುತ್ತದೆ. ಒಂದು ಕಡೆ ಜನರೇಟರ್, ಇನ್ನೊಂದು ಕಡೆ ಗುಡಿಯ ಮೀಟರಿನಿಂದ ಎಳೆದ ವೈರು ಇದ್ದು ಒಂದರ ಅರ್ಥಿಂಗ್ ಕೆಟ್ಟಿದ್ದರೆ ನಡುವೆ ಸಿಕ್ಕುವುದು ನಿಮ್ಮ ಎದೆ. 1972ರ ಮೇ ತಿಂಗಳಲ್ಲಿ ವೇಲ್ಸ್ ದೇಶದ ಸ್ವಾನ್‌ಸೀ ಪಟ್ಟಣದಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕ ವೇದಿಕೆಯ ಮೇಲೆಯೇ ಸತ್ತದ್ದು ಹೀಗೆ, ಅರ್ಥಿಂಗ್ ಇಲ್ಲದ ಮೈಕು ಮುಟ್ಟಿ.

ಪ್ರತಿ ಕಾರ್ಯಕ್ರಮಕ್ಕೂ ಮುಂಚೆ ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ತಿರುವಿ, ಒಂದು ಮೊನೆ ಬ್ರಿಜ್ಜಿಗೆ, ಇನ್ನೊಂದು ಮೈಕಿನ ಜಾಲರಿಗೆ ಹಿಡಿಯಿರಿ. ಒಂದೆರಡು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ವೈರಿಂಗ್ ಸರಿಯಾಗುವವರೆಗೆ ಗಿಟಾರು ಹೆಗಲಿಗೆ ಹಾಕಬೇಡಿ. ಯಜಮಾನರು ಅವಸರ ಮಾಡಲಿ, ಜನ ಸಿಳ್ಳೆ ಹೊಡೆಯಲಿ, ಹಾಕಬೇಡಿ. ಮಳೆಗಾಲದ ಗಣಪತಿ ಪೆಂಡಾಲಿನಲ್ಲಿ ಒದ್ದೆ ಹಲಗೆಯ ಮೇಲೆ ಬರಿಗಾಲಲ್ಲಿ ನಿಲ್ಲುವುದು ಬೇಡವೇ ಬೇಡ. ಎರಡು ಕಡೆಯ ಅರ್ಥಿಂಗ್ ಸುತ್ತಿಕೊಂಡು ಬರುವ ಗುಂಯ್‌ಗೆ ಡಿಐ ಬಾಕ್ಸಿನ ಮೇಲೆ ಗ್ರೌಂಡ್ ಲಿಫ್ಟ್ ಎಂಬ ಗುಂಡಿ ಇರುತ್ತದೆ. ಅದು ಸಿಗ್ನಲಿನ ಗ್ರೌಂಡನ್ನು ಮಾತ್ರ ಬಿಡಿಸುತ್ತದೆ, ಪ್ಲಗ್ಗಿನ ಅರ್ಥಿಂಗನ್ನು ಮುಟ್ಟುವುದಿಲ್ಲ.

ಈಗ ಒಂದು ನೋಟ್ ಗುಡುಗಿ ಇನ್ನೊಂದು ಮಾಯವಾಗುವ ಪ್ರಶ್ನೆ. ಕಂಪ್ರೆಸರ್ ಬೇಕು ಅಂತ ನಿಮಗೆ ಅನಿಸಿದ್ದು ಇದಕ್ಕೇ. ಆದರೆ ಏರುಪೇರು ನಾಲ್ಕು ಕಡೆಯಿಂದ ಬರಬಹುದು, ನಾಲ್ಕಕ್ಕೂ ಮದ್ದು ಬೇರೆ ಬೇರೆ. ಮನೆಯಲ್ಲಿ ಕೂತು, ಮಿಕ್ಸರಿನಿಂದ ಲ್ಯಾಪ್‌ಟಾಪಿಗೆ ವೈರು ಕೊಟ್ಟು, ಒಂದೇ ನೋಟನ್ನು ತಾಳ ಹಿಡಿದು ಐದು ನಿಮಿಷ ನುಡಿಸಿ ರೆಕಾರ್ಡ್ ಮಾಡಿ. ಆಡಾಸಿಟಿ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಅದರಲ್ಲಿ ಅಲೆಯ ಎತ್ತರ ಕಣ್ಣಿಗೇ ಕಾಣುತ್ತದೆ. ಒಂದು ಎತ್ತರ, ಒಂದು ಗಿಡ್ಡ, ಮತ್ತೆ ಎತ್ತರ, ಮತ್ತೆ ಗಿಡ್ಡ ಹೀಗೆ ಕಂಡರೆ ಅದು ನಿಮ್ಮ ತೋರುಬೆರಳು, ನಡುಬೆರಳುಗಳ ಬಲದ ವ್ಯತ್ಯಾಸ. ಅದಕ್ಕೆ ಮದ್ದು ದಿನಕ್ಕೆ ಹದಿನೈದು ನಿಮಿಷದ ಸಾಧನೆ.

ಒಂದು ತಂತಿ ಪೂರ್ತಿ ಗಟ್ಟಿ, ಇನ್ನೊಂದು ಪೂರ್ತಿ ಮೆಲ್ಲಗೆ ಇದ್ದರೆ ಪಿಕಪ್ಪಿನ ಎತ್ತರ ತಪ್ಪಿದೆ. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ದಪ್ಪ ತಂತಿಯ ತಳದಿಂದ ಪಿಕಪ್ಪಿಗೆ ಸುಮಾರು 3 ಮಿಲಿಮೀಟರ್, ಸಣ್ಣ ತಂತಿಯಿಂದ ಸುಮಾರು 2.5 ಇರಲಿ. ಅಲ್ಲಿಂದ ಕಿವಿಯ ಮಾತು ಕೇಳಿ ಸ್ಕ್ರೂ ತಿರುವಿ. ಹೆಚ್ಚು ಸದ್ದಿಗೆ ಆಸೆಪಟ್ಟು ತೀರಾ ಹತ್ತಿರ ತರಬೇಡಿ. ಅಯಸ್ಕಾಂತ ತಂತಿಯನ್ನು ಎಳೆದು ಶ್ರುತಿಯೇ ಹಾಳಾಗುತ್ತದೆ.

ಕೆಲವು ಫ್ರೆಟ್‌ಗಳಲ್ಲಿ ಮಾತ್ರ ನೋಟ್ ಸಾಯುತ್ತಿದ್ದರೆ ಗಿಟಾರಿನ ಕತ್ತನ್ನು ನೋಡಿ. ನಿಮ್ಮ ಸೀಮೆಯಲ್ಲಿ ಸುಗ್ಗಿಯ ಒಣಗಾಳಿಗೂ ಶ್ರಾವಣದ ತೇವಕ್ಕೂ ಬಹಳ ಅಂತರ, ಮರ ಅದಕ್ಕೆ ತಕ್ಕಂತೆ ಬಾಗುತ್ತದೆ. ಮೊದಲ ಫ್ರೆಟ್ಟನ್ನೂ ಕೊನೆಯ ಫ್ರೆಟ್ಟನ್ನೂ ಒಟ್ಟಿಗೆ ಒತ್ತಿ ಹಿಡಿದು, ಏಳೆಂಟನೇ ಫ್ರೆಟ್ಟಿನ ಬಳಿ ತಂತಿಗೂ ಫ್ರೆಟ್ಟಿಗೂ ನಡುವಿನ ಸಂದು ನೋಡಿ. ಒಂದು ವಿಸಿಟಿಂಗ್ ಕಾರ್ಡ್ ತೂರಿದರೆ ಸಾಕು, ಸುಮಾರು 0.3 ಮಿಲಿಮೀಟರ್. ಹೆಚ್ಚುಕಮ್ಮಿ ಇದ್ದರೆ ಕತ್ತಿನೊಳಗಿನ ಟ್ರಸ್ ರಾಡನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಒಂದು ರಾತ್ರಿ ಬಿಟ್ಟು ಮತ್ತೆ ನೋಡಿ. ಧೈರ್ಯ ಸಾಲದಿದ್ದರೆ ಹುಬ್ಬಳ್ಳಿಯಲ್ಲಿ ಗಿಟಾರ್ ರಿಪೇರಿ ಮಾಡುವವರ ಕೈಗೆ ಕೊಡಿ. ಅಂದಹಾಗೆ ಸಣ್ಣ ತಂತಿಯ ಐದರಿಂದ ಏಳನೇ ಫ್ರೆಟ್ಟಿನ ನಡುವೆ ಒಂದು ನೋಟ್ ಸ್ವಲ್ಪ ಬೇಗ ಆರುವುದು ಈ ಮಾದರಿಯ ಒಳ್ಳೊಳ್ಳೆಯ ಗಿಟಾರುಗಳಲ್ಲೂ ಇರುವ ಗುಣ, ಅದಕ್ಕೆ ಚಿಂತಿಸಬೇಡಿ.

ಮನೆಯಲ್ಲಿ ಎಲ್ಲ ಸರಿಯಿದ್ದು ಕಲ್ಯಾಣಮಂಟಪದಲ್ಲಿ ಮಾತ್ರ ಗುಡುಗಿದರೆ ತಪ್ಪು ಕಟ್ಟಡದ್ದು. ನಿಮ್ಮ ದಪ್ಪ ತಂತಿ ಸೆಕೆಂಡಿಗೆ 41 ಸಲ ಅದುರುತ್ತದೆ, ಅದರ ಒಂದು ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಅಷ್ಟುದ್ದದ ಅಲೆ ಗೋಡೆಯಿಂದ ಗೋಡೆಗೆ ಬಡಿದು ಕೆಲವು ಜಾಗದಲ್ಲಿ ದುಪ್ಪಟ್ಟಾಗುತ್ತದೆ, ಕೆಲವು ಜಾಗದಲ್ಲಿ ಇಲ್ಲವಾಗುತ್ತದೆ. ಯಾವ ಪೆಡಲ್ಲೂ ಗೋಡೆ ಸರಿಸಲಾರದು. ಸೌಂಡ್ ಚೆಕ್ಕಿನ ಹೊತ್ತಿಗೆ ಗೆಳೆಯನ ಕೈಗೆ ಗಿಟಾರು ಕೊಟ್ಟು, ನೀವೇ ಕುರ್ಚಿಗಳ ಸಾಲಿನಲ್ಲಿ ಕೊನೆಯವರೆಗೆ ನಡೆದು ಕೇಳಿ. ಬೇಸ್ ಬಾಕ್ಸನ್ನು ಮೂಲೆಯಿಂದ ಎರಡು ಮಾರು ಈಚೆ ತಂದರೆ ಎಷ್ಟೋ ಸಲ ಗುಡುಗು ಇಳಿಯುತ್ತದೆ.

ಕೀಬೋರ್ಡಿನವರ ಮಾತಿಗೆ ಬರುತ್ತೇನೆ. ನಿಮ್ಮ ಮನಸ್ಸಿಗೆ ಹೆಚ್ಚು ನೋವು ಕೊಟ್ಟದ್ದು ಅದೇ ಎಂದು ನನಗನಿಸುತ್ತದೆ. ಅವರ ಕೀಬೋರ್ಡಿನ ರಿದಂ ಸ್ಟೈಲಿನಲ್ಲಿ ಡ್ರಮ್ಮಿನ ಜೊತೆ ಬೇಸೂ ತಾನಾಗಿ ಓಡುತ್ತಿರುತ್ತದೆ. ಮೇಲೆ ಅವರ ಎಡಗೈ, ಪ್ಯಾಡಿನ ಕಿಕ್ಕು, ಢೋಲಕಿನ ಎಡಮೈ. ಇಷ್ಟೂ ಒಂದೇ ಜಾಗಕ್ಕೆ ನುಗ್ಗಿದಾಗ ನಿಮ್ಮ ನೋಟ್ ಮಾಯವಾಗಿದ್ದರೆ ಅದು ನಿಮ್ಮ ತಪ್ಪಲ್ಲ. ಸ್ಟೈಲಿನಲ್ಲಿ ಬೇಸ್ ಒಂದನ್ನೇ ಮ್ಯೂಟ್ ಮಾಡಲು ಬರುತ್ತದೆ. ತಾಲೀಮಿನಲ್ಲಿ, ಮಾಲಕರ ಮುಂದಲ್ಲ, ಅವರೊಬ್ಬರನ್ನೇ ಕೂರಿಸಿಕೊಂಡು ಕೇಳಿ: "ಅಣ್ಣಾರ, ಒಂದು ಹಾಡಿಗೆ ಸ್ಟೈಲಿನ ಬೇಸ್ ಮ್ಯೂಟ್ ಮಾಡಿ ನೋಡೋಣೇನ್ರಿ?" ಎಡಗೈ ಬಿಡುವಾದರೆ ಅವರಿಗೂ ಸ್ಟ್ರಿಂಗ್ಸ್, ಕಾರ್ಡ್ಸ್ ತುಂಬಿ ನುಡಿಸಲು ಜಾಗ ಸಿಗುತ್ತದೆ. ಅದು ಅವರಿಗೆ ಲಾಭ, ಹಾಗೇ ಹೇಳಿ.

ಆ ಒಂದು ಹಾಡನ್ನು ಚೆನ್ನಾಗಿ ಆರಿಸಿ. ಇಳಯರಾಜಾ ಸಂಗೀತದ 'ಗೀತಾ' 1981ರದು, 'ಪಲ್ಲವಿ ಅನುಪಲ್ಲವಿ' 1983ರದು. ಎರಡರ ಹಾಡುಗಳನ್ನೂ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಬೇಸಿನ ಬುಡ ಬರುವುದೇ ಇಲ್ಲ. ಬೇಸ್ ಅಲ್ಲಿ ಬರೀ ತಾಳ ಹಿಡಿಯುವುದಿಲ್ಲ, ಗಾಯಕರ ಜೊತೆ ತಾನೂ ಒಂದು ರಾಗದ ಎಳೆ ಹಾಡುತ್ತದೆ. ಕೀಬೋರ್ಡಿನ ಸ್ಟೈಲ್ ಅಂಥದ್ದನ್ನು ತಾನಾಗಿ ಹುಟ್ಟಿಸಲಾರದು. ಇನ್ನೊಂದು ನಿಮ್ಮ ಜಿಲ್ಲೆಯದೇ. ಶಿಶುನಾಳ ಶರೀಫರ ತತ್ವಪದಗಳನ್ನು ರಘು ದೀಕ್ಷಿತ್ ಅವರ ತಂಡ ಲೋಕದ ವೇದಿಕೆಗಳಿಗೆ ಒಯ್ದಾಗ ಅದರಲ್ಲಿ ಬಹುಕಾಲ ಬೇಸ್ ನುಡಿಸಿದವರು ಗೌರವ್ ವಾಜ್. ಮೈಸೂರಿನಲ್ಲಿ ಹುಟ್ಟಿದ ಸ್ವರಾತ್ಮ ತಂಡದಲ್ಲಿ ಜಿಷ್ಣು ದಾಸ್‌ಗುಪ್ತ. ಜನಪದದ ಮಟ್ಟಿನ ಕೆಳಗೆ ಬೇಸ್ ಎಷ್ಟು ಕಡಿಮೆ ನುಡಿಸಿ ಎಷ್ಟು ತೂಕ ಕೊಡಬಹುದು ಎಂದು ಇವರನ್ನು ಕೇಳಿ ಕಲಿಯಿರಿ. ಶರೀಫರ ಊರಿನ ಸೀಮೆಯ ಹುಡುಗ ಅವರ ಪದಕ್ಕೆ ಬೇಸ್ ಹಿಡಿದರೆ ಜಾತ್ರೆಯ ಜನ ಕಿವಿಗೊಡದೆ ಇರಲಾರರು.

ಕಂಪ್ರೆಸರ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಅದು ಒಳ್ಳೆಯ ಸಾಧನ. ಮನೆಯಲ್ಲಿ ಒಬ್ಬರು ರಿಮೋಟ್ ಹಿಡಿದು ಕೂತು, ಜಾಹೀರಾತು ಅಬ್ಬರಿಸಿದಾಗ ಟಿವಿಯ ವಾಲ್ಯೂಮ್ ಇಳಿಸಿ, ಮಾತು ಮೆಲ್ಲಗಾದಾಗ ಏರಿಸುತ್ತಾರಲ್ಲ, ಅದೇ ಕೆಲಸವನ್ನು ಅದು ಕಣ್ಣುಮುಚ್ಚಿ ತೆರೆಯುವುದರೊಳಗೆ ಮಾಡುತ್ತದೆ. ಎಷ್ಟು ಜೋರಾದ ಮೇಲೆ ಹಿಡಿಯಬೇಕು ಎಂಬುದು ಥ್ರೆಶೋಲ್ಡ್. ಎಷ್ಟು ಬಿಗಿಯಾಗಿ ಹಿಡಿಯಬೇಕು ಎಂಬುದು ರೇಶಿಯೊ. ನಾಲ್ಕಕ್ಕೆ ಒಂದು ಇಟ್ಟರೆ ಗೆರೆ ದಾಟಿದ ಎಂಟು ಡೆಸಿಬಲ್ ಎರಡಾಗಿ ಹೊರಬರುತ್ತದೆ. ಹಿಡಿಯುವ ವೇಗ ಅಟ್ಯಾಕ್, ಬಿಡುವ ವೇಗ ರಿಲೀಸ್. ಹೀಗೆ ತಗ್ಗಿದ ಸದ್ದನ್ನು ಕೊನೆಗೆ ಔಟ್‌ಪುಟ್ ನಾಬು ಒಟ್ಟಾಗಿ ಎತ್ತುತ್ತದೆ. ನಿಮ್ಮ ಗುಂಯ್ ಇರುವಾಗ ಕಂಪ್ರೆಸರ್ ಬೇಡ ಎನ್ನುವುದು ಇದಕ್ಕೇ. ನೀವು ನುಡಿಸದೆ ಸುಮ್ಮನಿದ್ದ ಕ್ಷಣದಲ್ಲಿ ಅದು ಹಿಡಿತ ಬಿಟ್ಟು ಗುಂಯ್ ಸದ್ದನ್ನೂ ಎತ್ತಿ ಕೊಡುತ್ತದೆ. ಹಾಡಿನ ನಡುವೆ ನಿರೂಪಕರು ಮಾತಾಡುವಾಗ ಅದೊಂದೇ ಕೇಳಿಸುತ್ತದೆ.

ಮೇಲೆ ಹೇಳಿದ್ದೆಲ್ಲ ಮುಗಿದು, ಒಂದು ಸೀಜನ್ ನುಡಿಸಿ, ಆಮೇಲೂ ಬೇಕೆನಿಸಿದರೆ ಕೊಳ್ಳಿ. ಬೇಸಿಗೆಂದೇ ಮಾಡಿದ್ದನ್ನು ಆರಿಸಿ. ಗಿಟಾರಿನ ಕಂಪ್ರೆಸರ್‌ಗಳಲ್ಲಿ ಕೆಲವು ತಳದ ಸದ್ದನ್ನು ತಿಂದುಹಾಕುತ್ತವೆ. ಬಾಸ್ ಕಂಪನಿಯ ಎಲ್‌ಎಂಬಿ-3 ಬಾಳಿಕೆಯ ಪೆಟ್ಟಿಗೆ, ಜಾತ್ರೆಯ ಧೂಳು ತಾಳುತ್ತದೆ. ಎಂಎಕ್ಸ್‌ಆರ್ ಎಂ87ರಲ್ಲಿ ಅಟ್ಯಾಕ್, ರಿಲೀಸ್ ಎರಡನ್ನೂ ನೀವೇ ತಿರುವಬಹುದು, ಎಷ್ಟು ಹಿಡಿಯುತ್ತಿದೆ ಎಂದು ದೀಪಗಳ ಸಾಲು ತೋರಿಸುತ್ತದೆ. ಕಲಿಯುವವರಿಗೆ ಆ ದೀಪಗಳೇ ಮೇಷ್ಟ್ರು, ಆದರೆ ಅದು ದುಬಾರಿ. ಯಾವುದೇ ಇರಲಿ, ಮೂರರಿಂದ ಆರು ಡೆಸಿಬಲ್‌ಗಿಂತ ಹೆಚ್ಚು ಹಿಡಿಸಬೇಡಿ. ಅಟ್ಯಾಕ್ ಸ್ವಲ್ಪ ನಿಧಾನ ಇಡಿ, ಬೆರಳು ತಂತಿಗೆ ಬಡಿದ ಮೊದಲ ಟಕ್ ಸದ್ದು ದಾಟಿ ಹೋಗಲಿ. ರಿಲೀಸ್ ತೀರಾ ಚುರುಕು ಬೇಡ. ದಪ್ಪ ತಂತಿಯ ಒಂದು ಅದುರಿಗೇ 24 ಮಿಲಿಸೆಕೆಂಡ್ ಹಿಡಿಯುತ್ತದೆ, ಅದಕ್ಕಿಂತ ಬೇಗ ಹಿಡಿತ ಬಿಟ್ಟರೆ ಸದ್ದು ಒಡೆಯುತ್ತದೆ.

ಪಿಕಪ್ ಬದಲಾವಣೆಯ ಬಗ್ಗೆ ನನ್ನ ಅಭಿಪ್ರಾಯ ಖಚಿತ. ಪಿ ಪಿಕಪ್ ಮುಟ್ಟಬೇಡಿ. ಅಮೆರಿಕದ ಮೋಟೌನ್ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್‌ಸನ್, 1962ರ ಒಂದು ಪ್ರಿಸಿಷನ್ ಬೇಸ್, ಅದರ ಒಂದೇ ಪಿಕಪ್, ನುಣುಪು ಸುತ್ತಿನ ದಪ್ಪ ತಂತಿ, ಬಲಗೈಯ ಒಂದೇ ತೋರುಬೆರಳಿನಲ್ಲಿ ಇಡೀ ಒಂದು ಕಾಲದ ಸಂಗೀತವನ್ನು ಹೊತ್ತರು. ತಂತಿ ಕಡಿಯುವವರೆಗೆ ಬದಲಾಯಿಸುತ್ತಿರಲಿಲ್ಲ. ನಿಮ್ಮ ಆರ್ಕೆಸ್ಟ್ರಾ ಹಳೆಯ ಹಾಡುಗಳನ್ನೇ ಹೆಚ್ಚು ಹಾಡುವುದಾದರೆ ನೀವೂ ಒಮ್ಮೆ ಫ್ಲಾಟ್‌ವೌಂಡ್ ತಂತಿ ಹಾಕಿ ನೋಡಿ. ಬೆಲೆ ಹೆಚ್ಚು, ಆದರೆ ವರ್ಷಗಟ್ಟಲೆ ಬರುತ್ತದೆ. ಸುತ್ತಿನ ಸಂದಿ ಇಲ್ಲದ್ದರಿಂದ ಮೆಣಸಿನ ಧೂಳೂ ಅದರಲ್ಲಿ ಅಷ್ಟಾಗಿ ಕೂರುವುದಿಲ್ಲ.

ಜೆ ಪಿಕಪ್ಪನ್ನು ಬದಲಿಸಬಹುದು, ಅದೂ ಅದನ್ನು ನೀವು ನಿಜಕ್ಕೂ ಬಳಸುತ್ತಿದ್ದರೆ. ಡಿಮಾರ್ಜಿಯೊ ಮಾಡೆಲ್ ಜೆ ಥರದವು ಹೊರಗಿನಿಂದ ಒಂಟಿ ಸುರುಳಿಯಂತೆ ಕಂಡರೂ ಗುಂಯ್ ಹಿಡಿಯದಂತೆ ಮಾಡಿದವು. ಕೊಳ್ಳುವ ಮುಂಚೆ ಸ್ಕೇಲ್ ಹಿಡಿದು ಉದ್ದ ಅಳೆಯಿರಿ. ಜೆ ಪಿಕಪ್ಪಿನಲ್ಲಿ ಬ್ರಿಜ್ ಕಡೆಯದು ಕತ್ತಿನ ಕಡೆಯದಕ್ಕಿಂತ ಸುಮಾರು ಮೂರು ಮಿಲಿಮೀಟರ್ ಉದ್ದ, ತಪ್ಪಿ ತಂದರೆ ಗುಂಡಿಯಲ್ಲಿ ಕೂರುವುದಿಲ್ಲ. ಹಾಕಿದ ಮೇಲೆ ಎರಡೂ ಪಿಕಪ್ ಒಟ್ಟಿಗೆ ಏರಿಸಿದಾಗ ಸದ್ದು ಮೂಗಿನಿಂದ ಬಂದಂತೆ ತೆಳ್ಳಗಾದರೆ, ಒಂದರ ವೈರು ಎದುರಾಗಿದೆ. ಹೊಸದರ ಎರಡು ವೈರುಗಳನ್ನು ಅದಲುಬದಲು ಮಾಡಿ ಬೆಸುಗೆ ಹಾಕಿದರೆ ಸರಿಹೋಗುತ್ತದೆ. ಬ್ಯಾಟರಿ ಬೇಕಾದ ಆಕ್ಟಿವ್ ಪಿಕಪ್ಪಿಗೆ ಹೋಗಬೇಡಿ ಎನ್ನುತ್ತೇನೆ. ಜ್ಯಾಕಿನಲ್ಲಿ ವೈರು ಮರೆತು ಬಿಟ್ಟರೆ 9 ವೋಲ್ಟಿನ ಸೆಲ್ಲು ತಾನಾಗಿ ಖಾಲಿಯಾಗುತ್ತದೆ. ನಡುರಾತ್ರಿ ಜಾತ್ರೆಯಲ್ಲಿ ಅದು ಕೈಕೊಟ್ಟರೆ ಯಾವ ಅಂಗಡಿಯ ಬಾಗಿಲು ಬಡಿಯುತ್ತೀರಿ?

ಹೊಸ ಗಿಟಾರು ಈ ವರ್ಷ ಬೇಡ. ಮುಂದೆ ಎಂದಾದರೂ ಕೊಂಡರೆ ಐದು ತಂತಿಯದಕ್ಕೆ ಆಸೆಪಡಬೇಡಿ. ಅದರ ಕೆಳಗಿನ ತಂತಿ ಅದುರುವುದು ಸೆಕೆಂಡಿಗೆ 31 ಸಲ, ಹಳ್ಳಿಗಳಿಗೆ ಬರುವ ಬಾಡಿಗೆ ಬಾಕ್ಸ್‌ಗಳಲ್ಲಿ ಹೆಚ್ಚಿನವು ಅಷ್ಟು ಕೆಳಗೆ ಸ್ಪಷ್ಟವಾಗಿ ಇಳಿಯುವುದಿಲ್ಲ. ಕೇಳಿಸದ ತಂತಿಗೆ ರೊಕ್ಕ ಯಾಕೆ? ಯಮಾಹಾದ ಟಿಆರ್‌ಬಿಎಕ್ಸ್174ರಂಥ, ನಿಮ್ಮದೇ ಮಾದರಿಯ ಪಿಕಪ್ ಜೋಡಿ ಇರುವ ಸಾದಾ ನಾಲ್ಕು ತಂತಿಯದನ್ನು ಕೈಯಲ್ಲಿ ಹಿಡಿದು, ನಿಂತು, ಅರ್ಧ ಗಂಟೆ ನುಡಿಸಿಯೇ ಕೊಳ್ಳಿ.

ಹೀಗಾಗಿ ಈಗ ನಿಮಗೆ ಬೇಕಾದದ್ದು ಒಂದು ಡಿಐ ಬಾಕ್ಸ್, ಮಲ್ಟಿಮೀಟರ್, ಬೆಸುಗೆ ಕಡ್ಡಿ, ತಾಮ್ರದ ಟೇಪು, ಸ್ಪ್ರೇ, ಹೊಸ ತಂತಿಯ ಸೆಟ್ಟು, ಒಂದು ಗಟ್ಟಿ ವೈರು. ಕೂಡಿಟ್ಟದ್ದರಲ್ಲಿ ಅರ್ಧವೂ ಖರ್ಚಾಗದು. ಉಳಿದದ್ದನ್ನು ಬ್ಯಾಂಕಿನಲ್ಲೇ ಬಿಡಿ, ಬಿಟ್ಟದ್ದನ್ನು ಅಪ್ಪನಿಗೆ ಹೇಳಿ. ಮೆಣಸಿನಕಾಯಿ ಕೈಕೊಟ್ಟ ವರ್ಷ ಮಗ ಕಣ್ಣುಮುಚ್ಚಿ ಸುರಿಯಲಿಲ್ಲ ಎಂಬುದು ರೈತನಿಗೆ ತಕ್ಷಣ ಅರ್ಥವಾಗುವ ಮಾತು. ಅವರ ಸಿಟ್ಟು ತಂತಿಯ ಮೇಲಲ್ಲ, ಭಯ ರೊಕ್ಕದ್ದು. ಹತ್ತಿರದ ಊರಿನ ಯಾವುದಾದರೂ ಕಾರ್ಯಕ್ರಮಕ್ಕೆ ಅವರನ್ನು ಕರೆದುಕೊಂಡು ಹೋಗಿ, ಜನರ ನಡುವೆ ಕೂರಿಸಿ. ಸೌಂಡ್ ಚೆಕ್ಕಿನಲ್ಲಿ ಒಂದೇ ಚರಣವನ್ನು ಮೊದಲು ಬೇಸ್ ಇಲ್ಲದೆ, ಆಮೇಲೆ ಬೇಸ್ ಸೇರಿಸಿ ನುಡಿಸಿ ತೋರಿಸಿ. ಏನು ಬದಲಾಯಿತು ಎಂದು ಅವರೇ ಹೇಳಲಿ, ನೀವು ವಿವರಿಸಬೇಡಿ.

ಬ್ರಿಜ್ಜಿಗೂ ಜ್ಯಾಕಿಗೂ ನಡುವೆ ಮೀಟರು ಎಷ್ಟು ಓಮ್ ತೋರಿಸಿತು, ಜೆ ಇಳಿಸಿದಾಗ ಗುಂಯ್ ನಿಂತಿತೋ ಇಲ್ಲವೋ, ಸೌಂಡ್‌ನವರು ನಿಮ್ಮ ವೈರನ್ನು ಯಾವ ತೂತಿಗೆ ಹಾಕುತ್ತಿದ್ದರು, ಈ ಮೂರನ್ನೂ ಬರೆದು ಕಳಿಸಿ. ಪಾಟ್ ಬದಲಿಸಬೇಕಾಗಿ ಬಂದರೆ ಗಿಟಾರಿನ ಹಿಂದಿನ ಮುಚ್ಚಳ ತೆಗೆದು ಒಳಗಿನ ಒಂದು ಫೋಟೋ ಕೂಡ ಇರಲಿ. ಯಾವ ವೈರು ಎಲ್ಲಿಗೆ ಎಂದು ಚಿತ್ರ ಬರೆದು ಕಳಿಸುತ್ತೇನೆ.